ಕಪ್ಪುಬಿಳುಪಿನೊಳಗಿನ ಬಣ್ಣ

ಟರ್ಪಂಟೈನ್ ವಾಸನೆ ಬಂದರೆ ಈಗಲೂ ನನಗೆ ರಾಯಚೂರಿನ ನಮ್ಮ ಓಣಿಯ ಚಾಚಾನ ಅಂಗಡಿ ನೆನಪಾಗುತ್ತದೆ. ಬೋರ್ಡು ಬರೆಯುವ ಚಾಚಾ, ಗಿರಾಕಿ ಇಲ್ಲದ ಮಧ್ಯಾಹ್ನ ಕಟ್ಟಿಗೆಯ ಪುಟ್ಟ ವಿಮಾನ ಮಾಡುತ್ತಿದ್ದರು. ಒಂದು ದಿನ, ಎರಡನೇ ಮಹಾಯುದ್ಧದ ಕಾಲದ ರುಮೇನಿಯಾದ ವಿಮಾನವೊಂದರ ಹಳೆಯ ಕಪ್ಪುಬಿಳುಪು ಫೋಟೋ ಮೇಲೆ ಭೂತಗನ್ನಡಿ ಹಿಡಿದು ಕುಳಿತಿದ್ದರು. ಶತ್ರುವಿನ ಕಣ್ಣು ತಪ್ಪಿಸಲು ಅದಕ್ಕೆ ಬಳಿದ ಬಣ್ಣ ಯಾವುದೆಂದು, ತಮ್ಮ ಪುಟ್ಟ ವಿಮಾನಕ್ಕೂ ಅದನ್ನೇ ಬಳಿಯಲು, ಅವರಿಗೆ ತಿಳಿಯಬೇಕಿತ್ತು. ಪಕ್ಕದಲ್ಲಿ ನಿಂತಿದ್ದ ನನಗೆ ಫೋಟೋ ತೋರಿಸಿದರು.

“ಈ ಪಟ್ಟಿ ಹಳದಿ ಅಂತ ಪುಸ್ತಕದಾಗ ಅದ. ಫೋಟೋದಾಗ ನೋಡು, ಆಗಿನ ಫಿಲಮಿನಾಗ ಅದು ಕರ್ರಗ ಬಂದದ. ಗೊತ್ತಿದ್ದ ಬಣ್ಣ ಒಂದು ಹಿಡದು ಉಳದದ್ದು ಹುಡುಕಬೇಕು, ಬೇಟಿ.”

ನಾನು ಮನೆಗೆ ಓಡಿ ಅವ್ವನ ಫೋಟೋ ತಂದೆ. ನಾನು ಕೂಸಿದ್ದಾಗಲೇ ತೀರಿಕೊಂಡ ಅವ್ವನದು ಅದೊಂದೇ ಫೋಟೋ, ಅದೂ ಕಪ್ಪುಬಿಳುಪು.

“ಸೀರಿ ಯಾವ ಬಣ್ಣದ್ದು?” ಎಂದೆ.

ಚಾಚಾ ಬಹಳ ಹೊತ್ತು ನೋಡಿದರು. “ಹಣಿ ಮ್ಯಾಲಿನ ಕುಂಕುಮ ಕೆಂಪು, ಅದು ಗೊತ್ತಿದ್ದದ್ದು. ಸೀರಿ ಅಂಚೂ ಅಷ್ಟ ಕರ್ರಗ ಅದ, ಕೆಂಪ ಇರಬೇಕು. ಒಡಲು ಗೊತ್ತಾಗವಲ್ದು. ನಿಮ್ಮಪ್ಪನ್ನ ಕೇಳು.”

“ಅವ್ವನ ಮಾತು ತೆಗದ್ರ ಅಪ್ಪ ಎದ್ದು ಹೋಗ್ತಾನ್ರೀ.”

ಚಾಚಾ ಬ್ರಷ್ ಒರೆಸಿಟ್ಟು, ನನ್ನ ಕೈ ಹಿಡಿದು ಮನೆಗೆ ಬಂದರು. ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪನಿಗೆ ಫೋಟೋ ಕೊಟ್ಟರು.

“ವಿಮಾನ ಆಗಿದ್ರ ನಾನ ಹೇಳತಿದ್ದೆ. ಸೀರಿ ಬಣ್ಣ ಕೇಳಾಕತ್ಯಾಳ ಹುಡುಗಿ. ನೀನ ಹೇಳಬೇಕು.”

ಅಪ್ಪ ಏಳಲು ಹೋಗಿ ಮತ್ತೆ ಕುಳಿತ. ಫೋಟೋವನ್ನು ಹೆಬ್ಬೆರಳಿನಿಂದ ಒರೆಸಿದ.

“ಗಿಳಿಹಸರು. ದೇವದುರ್ಗದ ಸಂತ್ಯಾಗ ನಾನ ತಂದಿದ್ದೆ. ಅಕಿಗಿ ಹಿಡಿಸಿದ್ದಿಲ್ಲ. ಫೋಟೋಕ್ಕಂತ ಒಮ್ಮೆ ಉಟ್ಟಳು, ಅದೂ ಬೈಕೋತ.”

ಚಾಚಾ ನಕ್ಕರು. ಅಪ್ಪನೂ ನಕ್ಕು, ಸರಿದು, ನನಗೆ ಪಕ್ಕದಲ್ಲಿ ಜಾಗ ಮಾಡಿಕೊಟ್ಟ.