ಮೇಲಿನ ತಿಳಿ

ಪಿಷ್ಟ ಕರಗಿಸುವ ಕಿಣ್ವವನ್ನು ಯೀಸ್ಟ್ ತಯಾರಿಸಿ ಹೊರಕ್ಕೆ ಬಿಡಬೇಕು. ಹಾಗೆ ಬಿಡಲು ಅದಕ್ಕೆ ಹೇಳುವುದು ಕಿಣ್ವದ ತಲೆಗೆ ಅಂಟಿಸಿದ ಪುಟ್ಟ ಸಿಗ್ನಲ್ ಪೆಪ್ಟೈಡ್. ಯಾವುದು ಮೇಲೆಂದು ನೋಡಲು ಅಂಥ ಎರಡು ಪೆಪ್ಟೈಡ್‌ಗಳಿದ್ದವು. ಒಂದನ್ನು ಗೈಡ್ ಪರಮಶಿವಯ್ಯನವರು ಆರಿಸಿದ್ದರು. ಇನ್ನೊಂದನ್ನು, ಅವರ ಮಾತು ಮೀರಿ, ವಿದ್ಯಾರ್ಥಿನಿ ಮೇದಿನಿ.

ಅವಳನ್ನು ನಂಬದೆ ಪರೀಕ್ಷೆಯನ್ನು ಅವರೇ ಮಾಡಿದರು. ಕಿಣ್ವ ಒಳಗೇ ಉಳಿಯುವ ಬ್ಯಾಕ್ಟೀರಿಯಾದಲ್ಲಿ ವರ್ಷಗಟ್ಟಲೆ ಪಳಗಿದ ಕೈ ಅದು. ಎರಡೂ ಬಗೆಯ ಯೀಸ್ಟ್ ಬೆಳೆಸಿದ ಟ್ಯೂಬುಗಳನ್ನು ಯಂತ್ರದಲ್ಲಿ ಗಿರ್ರೆಂದು ತಿರುಗಿಸಿ, ಮೇಲೆ ನಿಂತ ತಿಳಿಯನ್ನು ಚೆಲ್ಲಲೆಂದು ಪಕ್ಕಕ್ಕಿಟ್ಟು, ತಳದ ಕೋಶಗಳನ್ನು ಅರೆದರು.

“ನೋಡಮ್ಮ, ನನ್ನ ಕೋಶದ ತುಂಬಾ ಕಿಣ್ವ. ನಿನ್ನದರಲ್ಲಿ ಒಂದ್ ಚೂರೂ ಇಲ್ಲ. ನನ್ನ ಮುಂದೆ ಬುದ್ಧಿವಂತಿಕೆ ತೋರಿಸ್ತೀಯಾ?”

“ಸರ್, ಆ ತಿಳಿ...”

“ಬಾಯ್ ಮುಚ್ಚು! ಅದನ್ನ ಸಿಂಕಿಗೆ ಸುರಿದು, ಬೀಗದ ಕೈ ಇಟ್ಟು ಹೊರಡು. ನಾಳೆಯಿಂದ ನನ್ನ ಲ್ಯಾಬಿಗೆ ಕಾಲಿಡಬೇಡ.”

ಅವಳು ಸಿಂಕಿನ ಕಡೆ ಹೋಗಲಿಲ್ಲ. ಅಯೋಡಿನ್ ಬೆರೆಸಿ ನೀಲಿಯಾದ ಎರಡು ಬೀಕರ್ ಪಿಷ್ಟದ ಗಂಜಿ ಮೇಜಿನ ಮೇಲಿತ್ತು. ಪಿಷ್ಟ ಕರಗಿದರೆ ಮಾತ್ರ ಅದರ ನೀಲಿ ಹೋಗುತ್ತದೆ. ಒಂದಕ್ಕೆ ಅವರ ತಿಳಿಯನ್ನೂ ಇನ್ನೊಂದಕ್ಕೆ ತನ್ನದನ್ನೂ ಸುರಿದಳು.

“ಇನ್ನೂ ಯಾಕೆ ನಿಂತಿದ್ದೀಯ?”

“ಬಣ್ಣ ನೋಡ್ತಿದೀನಿ ಸರ್. ನೀವೂ ಬನ್ನಿ.”

ಅವರ ಗಂಜಿ ಕಡುನೀಲಿಯಾಗಿಯೇ ಇತ್ತು. ಅವಳದು ನಲ್ಲಿ ನೀರಿನಂತಾಗಿತ್ತು.