ಅವ್ವ ಕೂರಿಸಿದ ಜಗಲಿ

ಒಣಗಿದ ಇಟ್ಟಿಗೆಗೆ ನೀರು ಬಿದ್ದಾಗ ಏಳುವ ವಾಸನೆ ನನ್ನನ್ನು ಈಗಲೂ ಹೊಳೆನರಸೀಪುರದ ಪೇಟೆ ಬೀದಿಗೆ ಕರೆದೊಯ್ಯುತ್ತದೆ. ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಪಡೆದವಳು ನಾನು.

ಅಲ್ಲೊಂದು ಹಳೆಯ ಇಟ್ಟಿಗೆ ಮನೆಯ ರಿಪೇರಿ ನಡೆದಿತ್ತು. ಬಾಗಿಲ ಮೇಲಿನ ಕಮಾನಿನಲ್ಲಿ ತೆಳ್ಳನೆಯ ಇಟ್ಟಿಗೆಗಳು ಬೀಸಣಿಗೆಯಂತೆ ಹರಡಿಕೊಂಡಿದ್ದವು. ಕೆಳಗೆ ಕೈ ಜಾರುವಷ್ಟು ನುಣ್ಣನೆಯ ಗಾರೆ ಜಗಲಿ. ಏಳನೇ ಕ್ಲಾಸಿನ ರಜೆಯಲ್ಲಿ ನಾನೂ ಅವ್ವನ ಜೊತೆ ನೆನೆಸಿದ ಇಟ್ಟಿಗೆ ಹೊರಲು ಹೋಗಿದ್ದೆ.

"ನಿನ್ ಮಗ್ಳು ಒಳ್ಳೆ ಗಟ್ಟಿಗಿತ್ತಿ ಕಣಕ್ಕ. ಇಸ್ಕೂಲ್ ಬುಡ್ಸು, ದಿನಾ ಕರ್ಕಂಡ್ ಬಾ," ಎಂದ ಮೇಸ್ತ್ರಿ. ನಾನು ಹಿಗ್ಗಿದೆ.

ಅವ್ವ ನನ್ನ ತಲೆಯಿಂದ ಇಟ್ಟಿಗೆ ಇಳಿಸಿದಳು. ಬಟ್ಟೆಯ ಸಿಂಬೆಯನ್ನೂ ತೆಗೆದುಕೊಂಡು ನನ್ನನ್ನು ಜಗಲಿಯ ಮೇಲೆ ಕೂರಿಸಿದಳು. ನಮ್ಮ ಕೇರಿಯವರು ಯಾರೂ ಅಲ್ಲಿ ಕೂರುತ್ತಿರಲಿಲ್ಲ.

"ಅಯ್ಯೋ, ಮನೆಯೋರು ನೋಡಿದ್ರೆ?" ಮೇಸ್ತ್ರಿ ಗಾಬರಿಯಾದ.

"ನೋಡ್ಲಿ ಬುಡಣ್ಣ. ಈ ಗ್ವಾಡೆ ಇಟ್ಟಿಗೆಯೆಲ್ಲ ನನ್ ತಲೆ ಮ್ಯಾಲೇ ಬಂದದ್ದು. ನನ್ ಮಗ್ಳು ಒಸಿ ಕುಂತ್ರೆ ಜಗ್ಲಿ ಸವ್ದೋಯ್ತದಾ? ಅವ್ಳು ಓದೋಳು."

ಆ ಮನೆಯ ಅಜ್ಜಿ ಹೊರಗೆ ಬಂದು ನನ್ನನ್ನು ನೋಡಿದರು. ಒಳಗೆ ಹೋಗಿ, ಒಂದು ಚೊಂಬು ಮಜ್ಜಿಗೆ ತಂದು ನನ್ನ ಪಕ್ಕದಲ್ಲಿಟ್ಟರು.

ಅವ್ವ ನನ್ನ ಸಿಂಬೆಯನ್ನು ತನ್ನದರ ಮೇಲಿಟ್ಟುಕೊಂಡು, ಸಂಜೆಯವರೆಗೆ ನನ್ನ ಪಾಲಿನ ಇಟ್ಟಿಗೆಯನ್ನೂ ಹೊತ್ತಳು.