ಕಾಲಿಗೆ ಕೇಳಿಸುವ ಮಾತು

ಆಪರೇಷನ್ ಆದವರ ಕಾಲಿನ ರಕ್ತ ಹೆಪ್ಪುಗಟ್ಟಬಾರದೆಂದರೆ ಒಡಹುಟ್ಟಿದವರು ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇರಬೇಕು. ಹಾಗಾಗಿ ವಾರ್ಡಿನ ತುಂಬ ಸಂತೆಯ ಗದ್ದಲ. ಕಸ್ತೂರಿಗೆ ಮಾತ್ರ ಮಾತು ಹೊರಡದು. ಅವ್ವ ಸತ್ತಂದಿನಿಂದ, ಈಗ ಆಪರೇಷನ್ ಆಗಿ ಮಲಗಿದ್ದ ಅಕ್ಕ ನೀಲವ್ವನಿಗೂ ಅವಳಿಗೂ ಮಾತಿರಲಿಲ್ಲ.

ಎಣ್ಣೆಗಾಯಿ, ಬಸ್ಸು, ಬಿಸಿಲು ಎಲ್ಲ ಹೇಳಿ ಮುಗಿಸಿದಳು. ಅಕ್ಕನ ಮೀನಖಂಡ ಕಲ್ಲಾಗುತ್ತಲೇ ಇತ್ತು.

“ಬಾಯುಪಚಾರ ರಕ್ತಕ್ಕ ತಾಗಂಗಿಲ್ರೀ ಅಕ್ಕಾರ,” ನರ್ಸ್ ಗದರಿದಳು. “ಮನಸ್ಸಿನಾಗಿಂದು ಹೇಳ್ರಿ, ಲಗೂನ!”

ಕಸ್ತೂರಿ ಆ ಕಾಲನ್ನು ಅವುಚಿ ಹಿಡಿದು ಕಿರುಚಿದಳು: “ಯಕ್ಕಾ, ಅವ್ವ ಸತ್ತಾಗ ನನಗ್ಯಾಕ ಹೇಳಿ ಕಳಸಲಿಲ್ಲ? ನಾ ಆಕಿ ಮಗಳಲ್ಲೇನು?”

ನೀಲವ್ವ ಕಣ್ಣು ತೆರೆಯಲಿಲ್ಲ. ಕೈಯೊಳಗಿನ ಮೀನಖಂಡ ಮಾತ್ರ ಒಂದಿಷ್ಟು ಮೆತ್ತಗಾಯಿತು.

ಕಸ್ತೂರಿ ಅಳುತ್ತಲೇ, ಇನ್ನೂ ಜೋರಾಗಿ, ಅದನ್ನೇ ಮತ್ತೆ ಕೇಳಿದಳು.